ಮಾವನವರ ಮುಷ್ಟಿಯಲ್ಲಿದ್ದ ಚಾವಿ

ಈಗಲೂ ಯಾರದಾದರೂ ಕಾರು ಹತ್ತಿದರೆ ನಾನು ಮೊದಲು ನೋಡುವುದು ಚಾವಿ ಎಲ್ಲಿದೆ ಎಂದು. ಸೀಟು ಮೆತ್ತಗಿದೆಯೋ, ಬಣ್ಣ ಹೊಳೆಯುತ್ತಿದೆಯೋ, ಅದೆಲ್ಲ ನನಗೆ ಬೇಡ. ಚಾವಿ ಅದರ ಜಾಗದಲ್ಲಿದೆ, ಯಾರ ಕೈಯೂ ಅದರ ಹತ್ತಿರ ಸುಳಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬೆನ್ನು ಹಿಂದಕ್ಕೆ ಆನಿಸುತ್ತೇನೆ. ಮನೆಯವರು ನಗುತ್ತಾರೆ. ಹೊಸ ಕಾರೆಂದರೆ ಈಕೆಗೆ ಆಗಿಬರುವುದಿಲ್ಲ, ಆ ಹಳೆಯ ಡಬ್ಬಾ ಗಾಡಿಯ ಮೋಹ ಇನ್ನೂ ಬಿಟ್ಟಿಲ್ಲ ಎನ್ನುತ್ತಾರೆ. ಆಗಿಬರುವುದಿಲ್ಲ ಎಂಬುದು ನಿಜ. ಯಾಕೆ ಎಂಬುದನ್ನು ಮಾತ್ರ ನಾನು ಇದುವರೆಗೆ ಇವರಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಹುನಗುಂದದಿಂದ ಇಳಕಲ್ಲಿಗೆ ಸೊಸೆಯಾಗಿ ಬಂದಾಗ ಮಾವನವರ ಬಳಿ ಆ ಡಬ್ಬಾ ಗಾಡಿ ಇತ್ತು. ಕೆಂಪು ಕಲ್ಲಿನ ಗಣಿಯ ಗುತ್ತಿಗೆದಾರರೊಬ್ಬರು ವರ್ಷಗಟ್ಟಲೆ ಓಡಿಸಿ ಸಾಕಾಗಿ ಬಿಟ್ಟದ್ದು. ಸೀಟಿನ ಸಂದಿಯಲ್ಲಿ ಕಲ್ಲಿನ ಪುಡಿ ಎಷ್ಟು ಝಾಡಿಸಿದರೂ ಹೋಗುತ್ತಿರಲಿಲ್ಲ. ಕಾಲಿನ ಕೆಳಗೆ ತಗಡು ಒಂದು ಕಡೆ ತೂತಾಗಿ, ಅದರೊಳಗಿಂದ ರಸ್ತೆ ಹಿಂದಕ್ಕೆ ಓಡುವುದು ಕಾಣುತ್ತಿತ್ತು. ಚಳಿಗಾಲದ ಬೆಳಿಗ್ಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸದೆ ಎಂಜಿನ್ ಎದ್ದೇಳುತ್ತಿರಲಿಲ್ಲ. ಬ್ರೇಕನ್ನು ಮೂರು ಸಲ ತುಳಿದರೆ ಮೂರನೆಯದು ಹಿಡಿಯುತ್ತಿತ್ತು. ಬಾಗಿಲು ಹಾಕಿದರೆ ಓಣಿಗೆಲ್ಲ ಕೇಳುತ್ತಿತ್ತು. ಇಷ್ಟೆಲ್ಲ ಇದ್ದರೂ ಆ ಗಾಡಿ ಒಂದು ದಿನವೂ ಮೋಸ ಮಾಡಲಿಲ್ಲ. ಕೆಡುವುದಕ್ಕೆ ಎಂಟು ದಿನ ಮುಂಚೆಯೇ ನರಳುತ್ತಿತ್ತು, ಕೆಮ್ಮುತ್ತಿತ್ತು. ಕಿವಿ ಇದ್ದವರಿಗೆ ಅಷ್ಟು ಸಾಕು.

ಮಾವನವರಿಗೆ ಕಿವಿ ಇತ್ತು. ಕಣ್ಣು ಹೋಗುತ್ತಿತ್ತು. ಇಳಕಲ್ ಸೀರೆಗಳನ್ನು ನೇಕಾರರಿಂದ ತಂದು ಬಾಗಲಕೋಟೆ, ಬಾದಾಮಿ, ಕೆರೂರಿನ ಅಂಗಡಿಗಳಿಗೆ ತಾವೇ ಒಯ್ದು ಕೊಡುವುದು ಅವರ ಕಸುಬು. ಒಡಲಿಗೆ ಸೆರಗನ್ನು ಕೂಡಿಸುವ ಕೊಂಡಿಯ ಮೇಲೆ ಬೆರಳು ಆಡಿಸಿದರೆ ಸಾಕು, ಇದು ಯಾರ ಮಗ್ಗದ್ದು, ನೇಯ್ದ ದಿನ ಆ ಮನೆಯಲ್ಲಿ ಜಗಳ ಇತ್ತೋ ಇಲ್ಲವೋ ಎಂಬುದನ್ನೂ ಹೇಳಬಲ್ಲರು ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಕಣ್ಣಿನ ನರವೇ ಒಣಗುತ್ತಿದೆ, ಆಪರೇಷನ್ನಿನಿಂದ ಆಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ಬೆರಳಿಗೇನೂ ಆಗುವುದಿಲ್ಲವಲ್ಲ?

ಗಾಡಿ ಓಡಿಸುವವರು ಬೇಕಾಯಿತು. ನಮ್ಮವರು ಕಾಲೇಜಿನಲ್ಲಿ ಪಾಠ ಹೇಳುವವರು. ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ ಎಂದು ಕೈ ಎತ್ತಿಬಿಟ್ಟರು. ಬಾಡಿಗೆ ಡ್ರೈವರ್ ಬೇಡ ಎಂದು ಮಾವನವರು ಹಟ ಹಿಡಿದರು. ಒಂದು ದಿನ ಊಟಕ್ಕೆ ಕೂತವರು ತಟ್ಟೆ ಸರಿಸಿ ನನ್ನ ಕಡೆ ತಿರುಗಿ, "ಯವ್ವಾ, ನೀ ಕಲೀತಿ ಏನು?" ಎಂದರು. ಅತ್ತೆ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು.

"ಊರ ಮಂದಿ ಏನಂದಾರು?" ಎಂದರು ಅತ್ತೆ.

"ಊರ ಮಂದಿಗೆ ಗಾಡಿ ಐತೇನು? ಇದ್ದಾವ್ರು ಅನ್ಲಿ" ಎಂದರು ಮಾವನವರು.

ಹೀಗೆ ನಾನು ಕಲಿತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಂಡು, ಹುನಗುಂದದ ರಸ್ತೆಯಲ್ಲಿ. ಮಾವನವರು ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಕಲಿಸಿದರು. "ಕಣ್ಣೀಲೆ ಅಲ್ಲ, ಕಿವೀಲೆ ಓಡಸು. ಈಗ ಏನಂತು ಗಾಡಿ? ಕೇಳಿದಿ? ಗೇರ್ ಬದಲ ಮಾಡು ಅಂತು." ಲೈಸೆನ್ಸ್ ಕೈಗೆ ಬಂದ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಹಾರ್ನ್ ಬಾರಿಸು ಎಂದರು, ಸುಮ್ಮನೆ, ಎಲ್ಲರೂ ತಿರುಗಿ ನೋಡಲಿ ಎಂದು. ನನಗೆ ನಾಚಿಕೆಯಾಯಿತು. ಆದರೂ ಬಾರಿಸಿದೆ.

ಈಗ ಇಳಿಜಾರಿನ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಆಗ ಕಾರು ಇದ್ದವರೆಲ್ಲರೂ ಇಳಿಜಾರು ಬಂದರೆ ಎಂಜಿನ್ ಆರಿಸುತ್ತಿದ್ದರು. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಅದು ತನ್ನ ಭಾರಕ್ಕೇ ಇಳಿಯುತ್ತದೆ. ಪೆಟ್ರೋಲ್ ಸುಡುವುದು ಯಾಕೆ? ಹಾಗೆ ಇಳಿಸದವನನ್ನು ಹೊಸಬ ಎಂದೇ ತಿಳಿಯುತ್ತಿದ್ದರು. ನಮ್ಮ ಗಾಡಿಯಲ್ಲಿ ಇನ್ನೊಂದು ಪೀಕಲಾಟ ಇತ್ತು. ಚಾವಿಯ ತೂತು ಸವೆದು ಅಗಲವಾಗಿ, ಇಳಿಜಾರಿನ ಕುಲುಕಾಟಕ್ಕೆ ಚಾವಿ ತಾನಾಗಿಯೇ ಕೆಳಗೆ ಬೀಳುತ್ತಿತ್ತು. ಒಮ್ಮೆ ತಗಡಿನ ತೂತಿನಿಂದ ರಸ್ತೆಗೇ ಬಿದ್ದು, ಮಾವನವರು ಅರ್ಧ ದಿನ ಧೂಳಿನಲ್ಲಿ ಹುಡುಕಿದ್ದರಂತೆ. ಅಂದಿನಿಂದ ಇಳಿಜಾರಿನ ತಲೆಗೆ ಬಂದ ಕೂಡಲೇ ಚಾವಿ ತೆಗೆದು ಕೈಯಲ್ಲಿಟ್ಟುಕೊಳ್ಳುವುದು ರೂಢಿಯಾಯಿತು.

ನಾನು ಓಡಿಸಲು ತೊಡಗಿದ ಮೇಲೆ ಆ ಕೆಲಸ ಅವರದೇ ಆಗಿ ಉಳಿಯಿತು. ನಾನು ಸ್ಟೇರಿಂಗ್ ಬಿಡುವ ಹಾಗಿಲ್ಲ. ಅವರು ಎಡಗಡೆ ಕೂತವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಗಾಡಿಯ ಮೂತಿ ಕೆಳಗೆ ವಾಲಿದ್ದು ಅವರ ಮೈಗೆ ಗೊತ್ತಾಗುತ್ತಿತ್ತು. ಬಲಗೈ ನೆಟ್ಟಗೆ ಚಾವಿಗೆ ಬರುತ್ತಿತ್ತು, ಹಿಂದಕ್ಕೆ ತಿರುಗಿಸಿ ಎಳೆದುಕೊಳ್ಳುತ್ತಿತ್ತು, ಮುಷ್ಟಿ ಮುಚ್ಚುತ್ತಿತ್ತು. ಒಂದು ದಿನವೂ ತಡವರಿಸಿದ್ದಿಲ್ಲ. ಆಮೇಲೆ ಗಾಡಿಯೊಳಗೆ ಸದ್ದೇ ಇಲ್ಲ. ಗಾಳಿ, ಟೈರು, ದೂರದಲ್ಲಿ ಯಾವುದೋ ಹಕ್ಕಿ. ಇಳಿಜಾರು ಮುಗಿದ ಮೇಲೆ ನಾನು, "ಚಾವಿ ಕೊಡ್ರಿ ಮಾವಾರ" ಎನ್ನಬೇಕು. ಅವರು ಬಿಸಿಯಾದ ಚಾವಿಯನ್ನು ನನ್ನ ಅಂಗೈಯಲ್ಲಿ ಇಡಬೇಕು. ಹದಿಮೂರು ವರ್ಷ ಹೀಗೆಯೇ ನಡೆಯಿತು. ಕಣ್ಣು ಪೂರ್ತಿ ಕತ್ತಲಾದ ಮೇಲೆ ಗಾಡಿಯ ಮಟ್ಟಿಗೆ ಅವರಿಗೆ ಉಳಿದ ಕೆಲಸ ಅದೊಂದೇ, ಆ ಚಾವಿ ಹಿಡಿಯುವುದು.

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಹಳೆಯ ಗಾಡಿಗೆ ಬಿಡಿಭಾಗ ಸಿಗುವುದು ನಿಂತಿತು. ನಮ್ಮವರು ಹೊಸದೊಂದು ಸಣ್ಣ ಕಾರು ತಂದರು. ಬಿಳಿಯದು, ಹಗುರ, ಒಳಗೆಲ್ಲ ಪ್ಲಾಸ್ಟಿಕ್ಕಿನ ವಾಸನೆ. ಓಣಿಯ ಮಂದಿಯೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿ ಹೋದರು. ಮಾವನವರೂ ಮುಟ್ಟಿ ನೋಡಿದರು. ಬಾನೆಟ್ಟಿನ ಮೇಲೆ ಬೆರಳು ಆಡಿಸಿ, "ಭಾಳ ತೆಳ್ಳಗೈತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ನನಗೆ ಅದರ ಮೇಲೆ ಮೊದಲ ದಿನದಿಂದಲೇ ಸಿಟ್ಟು. ಹ್ಯಾಂಡಲ್ ಹಾಕುವ ಜಾಗವೇ ಇಲ್ಲ. ಬ್ಯಾಟರಿ ಸತ್ತರೆ ಗಾಡಿಯೂ ಸತ್ತಂತೆ. ಹಳೆಯ ಗಾಡಿಯ ಮುಂದಿನ ಬಾಗಿಲಲ್ಲಿ ಒಂದು ತ್ರಿಕೋನದ ಸಣ್ಣ ಗಾಜು ಇತ್ತು, ತಿರುಗಿಸಿದರೆ ಬಿಸಿಲಲ್ಲೂ ಗಾಳಿ ನೆಟ್ಟಗೆ ಮುಖಕ್ಕೆ ಬರುತ್ತಿತ್ತು. ಇದರಲ್ಲಿ ಅದೂ ಇಲ್ಲ. ಎದುರಿಗೆ ಒಂದು ಸಾಲು ಕೆಂಪು ದೀಪ. ಎಲ್ಲ ಸರಿ ಇದ್ದಾಗ ಆರಿರುತ್ತವೆ, ಕೆಟ್ಟ ಮೇಲೆ ಹತ್ತುತ್ತವೆ. ಕೆಟ್ಟ ಮೇಲೆ ಹೇಳಿದರೆ ಏನು ಬಂತು? ಎದೆಗೆ ಕಟ್ಟಿಕೊಳ್ಳುವ ಪಟ್ಟಿ ಬೇರೆ. ಮಾವನವರು ಒಮ್ಮೆ ಕಟ್ಟಿಕೊಂಡು, "ದನ ಏನ ನಾ?" ಎಂದು ಬಿಚ್ಚಿ ಹಾಕಿದವರು ಮತ್ತೆ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅದರ ಮೌನ. ಎಂಜಿನ್ ಶುರುವಾದರೆ ಒಂದು ಸಣ್ಣ ಗುಂಯ್ ಅನ್ನುವುದು, ಅಷ್ಟೇ. ಮಾವನವರು ಪಕ್ಕದಲ್ಲಿ ಕೂತು, "ಚಾಲೂ ಆತೇನು?" ಎನ್ನುತ್ತಿದ್ದರು. ಆಗಿದೆ ಎಂದರೆ ತಲೆ ವಾರೆ ಮಾಡಿ ಕೇಳಿಸಿಕೊಳ್ಳಲು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ, "ಹೊಂಟೀವೇನು?" ಕಣ್ಣಿಲ್ಲದ ಮನುಷ್ಯನಿಗೆ ಆ ಹಳೆಯ ಗಾಡಿಯ ಗದ್ದಲವೇ ದಾರಿಯಾಗಿತ್ತು. ಹೊಸ ಗಾಡಿ ಅದನ್ನೂ ಕಿತ್ತುಕೊಂಡಿತು.

ಅದು ಬಂದ ತಿಂಗಳೊಪ್ಪತ್ತಿಗೆ, ಮಾವನವರನ್ನು ಅದರಲ್ಲಿ ಇಳಿಜಾರಿನ ದಾರಿಗೆ ಇನ್ನೂ ಕರೆದೊಯ್ಯುವ ಮೊದಲೇ, ಒಂದು ಬೆಳಿಗ್ಗೆ ಮನೆಯ ಮುಂದೆ ಸ್ಟೇರಿಂಗ್ ತಿರುಗದೆ ನಿಂತಿತು. ಕಲ್ಲಿನ ಹಾಗೆ ಬಿಗಿ. ನಾನು ಎರಡೂ ಕೈಯಿಂದ ಜಗ್ಗಿದೆ, ಬೈದೆ, ಕೊನೆಗೆ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆ. ಆತ ಬಂದು ನಕ್ಕ.

"ಕೆಟ್ಟಿಲ್ರಿ ಅಕ್ಕಾರ. ಕಳ್ಳರು ಒಯ್ಯಬಾರದಂತ ಹಂಗ ಮಾಡ್ಯಾರ. ಚಾವಿ ತಗದ್ರ ಸ್ಟೇರಿಂಗಿಗೆ ಕೀಲಿ ಬೀಳ್ತೈತಿ. ಚಾವಿ ಹಾಕಿ, ಹಿಂಗ ಸ್ವಲ್ಪ ಅಲುಗಾಡಿಸಿ ತಿರುವ್ರಿ, ಬಿಡ್ತೈತಿ."

ಟಕ್ ಎಂದು ಬಿಟ್ಟಿತು. ಆತ ಕೈ ಒರೆಸಿಕೊಳ್ಳುತ್ತ ಹೋಗುವಾಗ ತಿರುಗಿ ನಿಂತು ನಗು ನಿಲ್ಲಿಸಿ ಹೇಳಿದ: "ಇಳಿಜಾರಿನ್ಯಾಗ ಹಳೇ ಗಾಡಿ ಹಂಗ ಚಾವಿ ತಗದೀರಿ ಮತ್ತ. ಮುಗದ ಹೋಗ್ತೈತಿ."

ನಾನು ಮೊದಲು ನೆನೆದದ್ದು ನನ್ನ ಕೈಯನ್ನಲ್ಲ, ಮಾವನವರ ಕೈಯನ್ನು. ಅವರು ಒಳಗೆ ಪಡಸಾಲೆಯಲ್ಲಿ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮೇಸ್ತ್ರಿಯ ಮಾತು ಅವರಿಗೆ ಕೇಳಿಸಿರಲಿಲ್ಲ. ಹತ್ತು ಹೆಜ್ಜೆ ಒಳಗೆ ನಡೆದು, ಮಾವಾರ, ಇನ್ನು ಮುಂದೆ ಚಾವಿ ಮುಟ್ಟಬೇಡಿರಿ ಎಂದು ಹೇಳಿದ್ದರೆ ಆಗಿತ್ತು. ಬಾಗಿಲ ತನಕ ಹೋದೆ ಕೂಡ. ಅವರು ಹೆಜ್ಜೆ ಸಪ್ಪಳ ಗುರುತಿಸಿ, "ಹೊಂಟಿಯೇನು? ನಾನೂ ಬರ್ತೇನಿ ತಡಿ, ನನ್ನ ಬಿಟ್ಟ ನಿನಗ ಇಳಿಜಾರ ಇಳಿಸಾಕ ಎಲ್ಲಿ ಬರ್ತೈತಿ" ಎಂದು ನಕ್ಕರು. ನಾನು ಬಾಗಿಲಿಂದಲೇ ಹಿಂದಕ್ಕೆ ತಿರುಗಿದೆ.

ಅದು ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಪೇಪರು ಓದುವುದು, ಲೆಕ್ಕ ನೋಡುವುದು, ಒಬ್ಬರೇ ಪೇಟೆಗೆ ಹೋಗುವುದು, ಒಂದೊಂದೇ ಅವರ ಕೈಬಿಟ್ಟಿದ್ದವು. ಇದೊಂದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ಆದರೆ ಅದರಲ್ಲಿ ಅರ್ಧ ನನ್ನ ಸೊಕ್ಕು. ಓಡಿಸುವವಳು ನಾನು, ಅವರ ಕೈ ಬಂದರೆ ತಡೆಯುತ್ತೇನೆ, ಅಷ್ಟು ಎಚ್ಚರ ನನಗಿಲ್ಲವೇ ಎಂದುಕೊಂಡೆ. ಹೇಳುವುದನ್ನು ನಾಳೆಗೆ ಹಾಕಿದೆ. ನಾಳೆ ಮತ್ತೊಂದು ನಾಳೆಗೆ ಹೋಯಿತು.

ಅಲ್ಲಿಂದ ನನಗೆ ದಾರಿಗಳೆಲ್ಲ ಬೇರೆಯಾಗಿ ಕಾಣತೊಡಗಿದವು. ಎಲ್ಲಿ ಇಳಿಜಾರಿದೆ, ಎಲ್ಲಿ ಇಲ್ಲ ಎಂಬುದೊಂದೇ ತಲೆಯಲ್ಲಿ. ಹುನಗುಂದಕ್ಕೆ ಅವರನ್ನು ಕರೆದೊಯ್ಯುತ್ತಿದ್ದೆ, ಆ ರಸ್ತೆಯಲ್ಲಿ ಅವರ ಮೈ ಎಚ್ಚರಗೊಳ್ಳುವಷ್ಟು ಇಳಿಜಾರು ಇರಲಿಲ್ಲ. ಬಾದಾಮಿಗೆ ಅವರು ಬರುತ್ತೇನೆ ಎಂದ ದಿನ ನನಗೆ ತಲೆನೋವು ಬರುತ್ತಿತ್ತು, ಇಲ್ಲವೇ ಟೈರಿನಲ್ಲಿ ಗಾಳಿ ಇರುತ್ತಿರಲಿಲ್ಲ. ಇಷ್ಟು ಸುಳ್ಳು ನಾನು ಜನ್ಮದಲ್ಲಿ ಹೇಳಿರಲಿಲ್ಲ.

ಆ ಕಾರು ನನಗೆ ಮತ್ತೊಮ್ಮೆಯೂ ಎಚ್ಚರಿಕೆ ಕೊಟ್ಟಿತು. ಕೆರೂರಿನ ಸಂತೆಯ ದಿನ ಅತ್ತೆ ಹಿಂದಿನ ಸೀಟಿನಲ್ಲಿ ಗಂಟುಗಳ ಜೊತೆ ಕೂತಿದ್ದರು. ನಾನು ಅಂಗಡಿಯೊಳಗೆ ಹೋಗಿ ಮಾತಿನಲ್ಲಿ ಹೊತ್ತು ಕಳೆದೆ. ಹಿಂದಿನ ಬಾಗಿಲಿಗೆ ಮಕ್ಕಳಿಗೆಂದು ಮಾಡಿದ ಒಂದು ಸಣ್ಣ ಕೊಕ್ಕೆ ಇತ್ತು. ಅದು ಬಿದ್ದರೆ ಒಳಗಿನಿಂದ ಬಾಗಿಲು ತೆಗೆಯಲು ಬರುವುದಿಲ್ಲ. ಯಾವಾಗ ಬಿದ್ದಿತ್ತೋ ತಿಳಿಯದು. ಗಾಜು ಇಳಿಸಲು ಅತ್ತೆಗೆ ಗೊತ್ತಿರಲಿಲ್ಲ. ಬಿಸಿಲಲ್ಲಿ ಅವರು ಗಾಜು ಬಡಿಯುತ್ತಿದ್ದರು, ಸಂತೆಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ನಾನು ಬಂದು ತೆಗೆದಾಗ ಸೀರೆಯೆಲ್ಲ ಬೆವರಿನಲ್ಲಿ ಒದ್ದೆ. ಬೈಯಲಿಲ್ಲ. ನೀರು ಕುಡಿದು, "ಇದು ಗಾಡಿ ಅಲ್ಲ ಯವ್ವಾ, ಪೆಟಗಿ" ಎಂದರು. ಆಮೇಲೆ ಅವರು ಅದನ್ನು ಹತ್ತಲೇ ಇಲ್ಲ.

ಮರೋಳದಲ್ಲಿ ಒಂದು ಮದುವೆಗೆ ಸೀರೆ ಕೊಡುವುದಿತ್ತು. ತಪ್ಪಿಸಲಾಗಲಿಲ್ಲ, ಮಾವನವರು ಜೊತೆಗೆ ಬಂದರು. ಊರ ಹತ್ತಿರ ರಸ್ತೆ ಸ್ವಲ್ಪ ಕೆಳಗೆ ಇಳಿಯುತ್ತದೆ. ಏನೂ ದೊಡ್ಡದಲ್ಲ. ಅವರ ಬಲಗೈ ಮಡಿಲಿಂದ ಎದ್ದಿತು. ನಾನು ಕಣ್ಣಂಚಿನಲ್ಲಿ ಅದನ್ನೇ ನೋಡುತ್ತಿದ್ದೆ. ಬೆರಳುಗಳು ಹೊಸ ಗಾಡಿಯ ಚಾವಿ ಎಲ್ಲಿದೆ ಎಂದು ಒಂದು ಕ್ಷಣ ಗಾಳಿಯಲ್ಲಿ ತಡಕಾಡಿದವು.

"ಇನ್ನ ಇಳಿಜಾರ ಬಂದಿಲ್ರಿ ಮಾವಾರ" ಎಂದೆ.

ಕೈ ಗಾಳಿಯಲ್ಲೇ ನಿಂತಿತು. "ಬಂದಿಲ್ಲಾ?"

"ಇಲ್ರಿ."

ಗಾಡಿ ಇಳಿಯುತ್ತಲೇ ಇತ್ತು. ಅವರ ಮೈ ಅದನ್ನು ಅವರಿಗೆ ಹೇಳುತ್ತಿತ್ತು, ನಾನು ಇಲ್ಲ ಎನ್ನುತ್ತಿದ್ದೆ. ಅವರು ಕೈಯನ್ನು ಮೆಲ್ಲಗೆ ಮಡಿಲಿಗೆ ತಂದು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಮದುವೆಮನೆಯಲ್ಲಿ ಊಟ ಮಾಡಲಿಲ್ಲ. ಸೀರೆಯ ಕೊಂಡಿ ನೋಡಿ ಹೇಳಿರಿ ಎಂದು ಯಾರೋ ಕೊಟ್ಟರೆ, "ಬ್ಯಾರೇದಾವ್ರನ್ನ ಕೇಳ್ರಿ, ನನಗ ಈಗ ಗೊತ್ತಾಗೂದಿಲ್ಲ" ಎಂದುಬಿಟ್ಟರು. ಆಗಲೂ ನಾನು ಹೇಳಲಿಲ್ಲ. ಹೇಳಬೇಕಾದದ್ದು ಈಗ ಎರಡಾಗಿತ್ತು, ಚಾವಿಯ ಮಾತು ಮತ್ತು ನನ್ನ ಸುಳ್ಳು.

ಒಂದು ತಿಂಗಳ ಮೇಲೆ ಬಾದಾಮಿಯ ಅಂಗಡಿಯವರು ಮಾವನವರೇ ಬರಬೇಕೆಂದು ಹೇಳಿ ಕಳಿಸಿದರು. ಯಾರೋ ಮಿಲ್ಲಿನ ಸೀರೆಗಳನ್ನು ಇಳಕಲ್ಲಿನವೆಂದು ತಂದುಕೊಟ್ಟಿದ್ದಾರೆ, ಬೆರಳಿಟ್ಟು ಹೇಳಬೇಕು ಎಂದು. ಅವರ ಮುಖ ಬಹಳ ದಿನಗಳ ಮೇಲೆ ಅರಳಿತು. ಶುಭ್ರ ಧೋತರ ಉಟ್ಟು, ಟೋಪಿ ಹಾಕಿಕೊಂಡು, ನಾನು ಏಳುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದರು. ತಲೆನೋವು ಎನ್ನಲು ನನಗೆ ಮನಸ್ಸು ಬರಲಿಲ್ಲ. ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಹುನಗುಂದ ದಾಟಿದೆವು, ಹೇಳಲಿಲ್ಲ. ಗುಳೇದಗುಡ್ಡದಲ್ಲಿ ಚಹಾ ಕುಡಿದೆವು. ಅವರು ಖುಷಿಯಲ್ಲಿ ಹಳೆಯ ಕತೆಗಳನ್ನು ತೆಗೆದರು, ನಾನು ಗ್ಲಾಸು ಹಿಡಿದು ಕೂತೆ. ಗುಡ್ಡ ಬರುವ ಮುಂಚೆ ಹೇಳಿದರಾಯಿತು ಎಂದುಕೊಂಡೆ.

ಮಧ್ಯಾಹ್ನದ ಬಿಸಿಲು. ಎರಡೂ ಕಡೆ ಕೆಂಪು ಬಂಡೆಗಳು ಕಾದು ನಿಂತಿದ್ದವು. ಗುಡ್ಡದ ತಲೆಯಲ್ಲಿ ಒಂದು ಲಾರಿ ಎದುರಿಗೆ ಬಂತು, ನಾನು ಅದಕ್ಕೆ ದಾರಿ ಬಿಡಲು ಎಡಕ್ಕೆ ಸರಿದು ಅದನ್ನೇ ನೋಡುತ್ತಿದ್ದೆ. ಲಾರಿ ದಾಟಿತು. ಅಷ್ಟರಲ್ಲಿ ಗಾಡಿಯ ಮೂತಿ ಕೆಳಗೆ ವಾಲಿತ್ತು. ಗುಂಯ್ ಎನ್ನುವ ಸದ್ದು ನಿಂತಿತು. ಎದುರಿನ ಕೆಂಪು ದೀಪಗಳು ಒಮ್ಮೆಲೇ ಹತ್ತಿ, ಮರುಕ್ಷಣ ಅವೂ ಆರಿದವು. ತಿರುಗಿ ನೋಡಿದರೆ ಚಾವಿಯ ತೂತು ಬರಿದಾಗಿತ್ತು.

ಹೊಸ ಗಾಡಿಯ ತೂತು ಎಲ್ಲಿದೆ ಎಂದು ಅವರು ಆ ಒಂದು ತಿಂಗಳು ಮನೆಯ ಮುಂದೆ ನಿಂತಿರುತ್ತಿದ್ದ ಗಾಡಿಯಲ್ಲಿ ಕೂತು ಕೈಗೆ ಕಲಿಸಿಕೊಂಡಿದ್ದರು. ಇದು ನನಗೆ ಆಮೇಲೆ ಅತ್ತೆಯಿಂದ ತಿಳಿಯಿತು.

ಹಳೆಯ ಗಾಡಿಯಲ್ಲಿ ಸುಖ ಕೊಡುತ್ತಿದ್ದ ಅದೇ ಮೌನ. ಗಾಳಿ, ಟೈರು. ನಾನು ಸ್ಟೇರಿಂಗನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದೆ, ಟಕ್ ಎಂದಿತು. ಅದರ ಮೇಲೆ ಅದು ಅಲುಗಲಿಲ್ಲ. ಕೆಳಗೆ ರಸ್ತೆ ಬಲಕ್ಕೆ ತಿರುಗುವುದು ಕಾಣುತ್ತಿತ್ತು. ಆ ತಿರುವಿನಲ್ಲಿ ಒಬ್ಬ ಕುರಿಗಾರ ಹಿಂಡಿನೊಂದಿಗೆ ರಸ್ತೆ ದಾಟುತ್ತಿದ್ದ.

"ಚಾವಿ ಕೊಡ್ರಿ ಮಾವಾರ!"

"ತಡಿ" ಎಂದರು. ಅವರ ಮುಖದಲ್ಲಿ ನಗು ಇತ್ತು. "ಇನ್ನ ಇಳಿಜಾರ ಮುಗದಿಲ್ಲ. ಈ ಸಲ ನಾ ತಪ್ಪಿಲ್ಲ, ನೋಡು."

"ಕೊಡ್ರೀ!"

"ಮುಗದಿಲ್ಲ ಅಂದ್ನೆಲ್ಲ."

ನಾನು ಬ್ರೇಕ್ ತುಳಿದೆ. ಹಳೆಯ ಗಾಡಿಯ ರೂಢಿಯಂತೆ ಬಿಟ್ಟು ಬಿಟ್ಟು ಮೂರು ಸಲ ತುಳಿದೆ. ಎಂಜಿನ್ ನಿಂತರೆ ಈ ಗಾಡಿಯ ಬ್ರೇಕಿಗೂ ಬಲ ಇರುವುದಿಲ್ಲ, ಉಳಿದ ಬಲ ಒಂದೊಂದು ತುಳಿತಕ್ಕೆ ಖಾಲಿಯಾಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಮೂರನೆಯ ಸಲ ಪೆಡಲ್ ಗೋಡೆಯಾಗಿತ್ತು. ಕೈಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಗಾಡಿಯ ಹಿಂಭಾಗ ಬಲಕ್ಕೆ ಜಾರಿತು, ಮುಂಭಾಗ ಎಡಕ್ಕೆ, ರಸ್ತೆಗೆಂದು ಒಟ್ಟಿದ್ದ ಜಲ್ಲಿಯ ರಾಶಿಗೆ ಹೊಡೆದು ಎಡಮಗ್ಗುಲಾಗಿ ತಗ್ಗಿಗೆ ಬಿತ್ತು. ಕುರಿಗಳಿಗೆ ಏನೂ ಆಗಲಿಲ್ಲ. ಎಡಗಡೆ ಮಾವನವರು ಕೂತಿದ್ದರು.

ಧೂಳು ಇಳಿದಾಗ ಅವರು ಬಾಗಿಲಿಗೆ ಆನಿಕೊಂಡು ಕಣ್ಣು ಮುಚ್ಚಿದ್ದರು. ಟೋಪಿ ಎಲ್ಲೋ ಹೋಗಿತ್ತು. ತೊಡೆಯ ಹತ್ತಿರ ಕಾಲು ಆಗಬಾರದ ದಿಕ್ಕಿಗೆ ತಿರುಗಿತ್ತು. ಉಸಿರು ಇತ್ತು. ಬಲಗೈ ಎದೆಯ ಮೇಲೆ, ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ರಸ್ತೆಯ ಕಡೆಯಿಂದ ಕುರಿಗಾರ ಕೂಗುತ್ತ ಓಡಿ ಬರುವುದು ಕೇಳುತ್ತಿತ್ತು. ಮಾವನವರಿಗೆ ಎಚ್ಚರ ತಪ್ಪಿದೆ ಎಂದುಕೊಂಡೆ. ಒಂದೊಂದೇ ಬೆರಳು ಬಿಡಿಸಿದೆ. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. ಚಾವಿ ತೆಗೆದು ಅದರ ತೂತಿಗೆ ಸಿಕ್ಕಿಸಿದೆ. ನನ್ನ ಹಣೆಯಿಂದ ರಕ್ತ ಅವರ ಅಂಗೈ ಮೇಲೆ ಬಿದ್ದಿತ್ತು, ಸೆರಗಿನಿಂದ ಒರೆಸಿದೆ.

ಕುರಿಗಾರ ಕಂಬಳಿ ಹಾಸಿ ಅವರನ್ನು ಮಗುವಿನಂತೆ ಎತ್ತಿ ಮಲಗಿಸಿದ. "ಬೀರಪ್ಪ ದೊಡ್ಡಾವ" ಎಂದು ತನ್ನ ಕುಲದೇವರನ್ನು ಎರಡು ಸಲ ನೆನೆದ. ಆಮೇಲೆ ಒಳಗೆ ಇಣುಕಿ, "ಬ್ರೇಕ್ ಫೇಲ್ ಆತೇನ್ರೀ ಅಕ್ಕಾರ?" ಎಂದ.

"ಹೂಂ" ಎಂದೆ.

ಆ ಒಂದು ಹೂಂ ನಮ್ಮ ಮನೆಯ ಕತೆಯಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಮಾವನವರು ಎರಡು ತಿಂಗಳು ಮಲಗಿದರು. ಸೊಂಟದ ಎಲುಬು ಕೂಡಿದರೂ ಕಾಲು ಮೊದಲಿನಂತಾಗಲಿಲ್ಲ, ಕೋಲು ಹಿಡಿದರೂ ಒಬ್ಬರೇ ನಡೆಯಲಾರದ ಹಾಗಾಯಿತು. ನೋಡಲು ಬಂದವರೆಲ್ಲ ನನಗೆ ಕೇಳುವ ಹಾಗೆಯೇ, "ಹೆಣ್ಮಗಳ ಕೈಯಾಗ ಗಾಡಿ ಕೊಟ್ರ ಇನ್ನೇನ ಆಗ್ತೈತಿ" ಎಂದರು. ಗಾಡಿ ಗ್ಯಾರೇಜಿಗೆ ಬಂದಾಗ ಮೇಸ್ತ್ರಿ ಬ್ರೇಕನ್ನು ಬಿಚ್ಚಿ ನೋಡಿ, ನನ್ನ ಮುಖವನ್ನೂ ನೋಡಿದ. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ನಮ್ಮವರಿಗೆ ಮಾತ್ರ, "ಬ್ರೇಕೇ ಬಿಡ್ರಿ ಸರ್" ಎಂದು ಹೇಳಿ ಕೆಲಸಕ್ಕೆ ಬಗ್ಗಿದ. ಗಾಡಿ ಮಾರಿಹೋಯಿತು. ನಾನು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಹೊಸ ಕಾರನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ, ಬೈದಷ್ಟೂ ನನ್ನ ಸುಳ್ಳು ಗಟ್ಟಿಯಾಗುತ್ತಿತ್ತು.

ಮಾವನವರು ಒಮ್ಮೆಯೂ ಆ ದಿನದ ಮಾತು ತೆಗೆಯಲಿಲ್ಲ. ಅವರಿಗೆ ನೆನಪಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಅವರ ಕೈಯೇ ಇದನ್ನು ಮಾಡಿತು ಎಂದು ಅವರಿಗೆ ಗೊತ್ತಾಗದಿದ್ದರೆ ಸಾಕು, ನನ್ನ ಮೇಲೆ ಎಷ್ಟು ಬೇಕಾದರೂ ಬರಲಿ ಎಂದುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವರ ಎದುರು ಸೀರೆಗಳನ್ನು ಮಡಚಿ ಇಡುತ್ತಿದ್ದೆ. ನೇಕಾರರು ಈಗ ಮನೆಗೇ ತಂದು ತೋರಿಸುತ್ತಿದ್ದರು. ಅವರು ಒಂದು ಸೀರೆಯ ಕೊಂಡಿಯ ಮೇಲೆ ಬೆರಳು ಆಡಿಸುತ್ತ ಆಡಿಸುತ್ತ, ತಲೆ ಎತ್ತದೆ ಕೇಳಿದರು.

"ಅವತ್ತ ನನ್ನ ಮುಷ್ಟಿ ಬಿಡಿಸಿದ್ದು ನೀನ ಅಲ್ಲ?"

ನನ್ನ ಕೈಯಲ್ಲಿದ್ದ ಸೀರೆ ಜಾರಿತು.

"ಕಣ್ಣು ಹೋಗ್ಯಾವು. ಕೈಗೂ ಗೊತ್ತಾಗೂದಿಲ್ಲೇನು? ಕಿರುಬೆರಳಿನಿಂದ ಸುರು ಮಾಡಿದಿ." ಅವರ ಬೆರಳು ಕೊಂಡಿಯ ಮೇಲೆ ಒಂದು ಕಡೆ ನಿಂತಿತು. "ಮರೋಳದಾಗೂ ಇಳಿಜಾರ ಬಂದಿತ್ತು. ಹೌದಲ್ಲ?"

"ಹೌದ್ರಿ" ಎಂದೆ. ಅಳು ಬಂತು. ಮೇಸ್ತ್ರಿ ಹೇಳಿದ್ದು, ಬಾಗಿಲ ತನಕ ಬಂದು ತಿರುಗಿ ಹೋದದ್ದು, ನಿಮ್ಮ ಮನಸ್ಸಿಗೆ ನೋವಾದೀತು ಎಂದು ಬಿಟ್ಟದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಸಿಟ್ಟು ಮಾಡುತ್ತಾರೆ ಎಂದುಕೊಂಡೆ. ಇಲ್ಲವೇ ತಲೆ ಸವರುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ಎರಡೂ ಆಗಲಿಲ್ಲ.

"ಹೇಳಿದ್ರ ಕೈ ಮಡಚಿ ಕುಂದರತಿದ್ದೆ ಯವ್ವಾ" ಎಂದರು. "ನನ್ನ ಕಡಿಂದ ಅಷ್ಟೂ ಆಗೂದಿಲ್ಲ ಅಂತ ತಿಳದಿ ಏನು?"

ಅವರು ಸೀರೆಯನ್ನು ಮಡಚಿ ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ಕೊಂಡಿ ಒಂದು ಕಡೆ ಬಿಟ್ಟಿದೆ, ವಾಪಸ್ ಕಳಿಸು ಎಂದರು.